ನಿಮಗಿದು ಗೊತ್ತೆ? ಯುದ್ಧದ ಚಿತ್ರ ಬಿಡಿಸಿದವರು ಬದುಕಿನ ಪಾಠ ಹೇಳಿದರು!

ಅಧ್ಯಾತ್ಮವನ್ನೂ ವ್ಯಕ್ತಿತ್ವ ವಿಕಸನವನ್ನೂ ಬೆರೆಸಿದ ಪುಸ್ತಕವೆಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’. ಅಮೆರಿಕದಲ್ಲಿ ಇಂಥದೇ ಹಾದಿ ತುಳಿದ ವಾಲ್ಟರ್ ರಸೆಲ್ ಮಾತ್ರ ಸನ್ಯಾಸಿಯಲ್ಲ, ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದವರು.

1871ರ ಮೇ 19ರಂದು ಬಾಸ್ಟನ್‌ನಲ್ಲಿ ಹುಟ್ಟಿದ ರಸೆಲ್, ಬಾಲ್ಯದಲ್ಲೇ ಶಾಲೆ ಬಿಟ್ಟು ದುಡಿಮೆಗೆ ಇಳಿದರು. ಚರ್ಚಿನಲ್ಲಿ ಆರ್ಗನ್ ನುಡಿಸಿದರು, ಚಿತ್ರಕಲೆಯನ್ನೂ ಕಲಿತರು. ‘ಕಾಲಿಯರ್ಸ್’ ವಾರಪತ್ರಿಕೆಯ ಕಲಾ ಸಂಪಾದಕರಾದರು. 1898ರ ಸ್ಪೇನ್–ಅಮೆರಿಕ ಯುದ್ಧದ ದೃಶ್ಯಗಳು ಅವರ ಕುಂಚದಿಂದ ಓದುಗರ ಮನೆ ತಲುಪಿದವು. ಮಕ್ಕಳ ಭಾವಚಿತ್ರಗಳಿಗೂ ಅವರು ಹೆಸರಾಗಿದ್ದರು.

ತಿರುವು ಬಂದದ್ದು 1921ರ ಮೇ ತಿಂಗಳಲ್ಲಿ. ಆಗ ತಮಗೆ ದಿವ್ಯಾನುಭವವಾಯಿತೆಂದು ಅವರು ಹೇಳಿಕೊಂಡರು. ವಿಶ್ವದ ರಚನೆಯ ಬಗ್ಗೆ ಗ್ರಂಥಗಳನ್ನೇ ಬರೆದರು. ವಿಜ್ಞಾನಿಗಳು ಅವನ್ನು ಒಪ್ಪಲಿಲ್ಲ.

ಐವತ್ತು ದಾಟಿದ ಮೇಲೆ ಶಿಲ್ಪಕಲೆಗೆ ಕೈಹಾಕಿದ್ದು ಇನ್ನೊಂದು ಸೋಜಿಗ. ವಿಜ್ಞಾನಿ ಎಡಿಸನ್, ಸಾಹಿತಿ ಮಾರ್ಕ್ ಟ್ವೇನ್ ಅವರ ಶಿಲ್ಪಗಳನ್ನು ರೂಪಿಸಿದರು. ಐಬಿಎಂ ಕಂಪನಿಯ ನೌಕರರಿಗೆ ಯಶಸ್ಸಿನ ಕುರಿತು ಉಪನ್ಯಾಸಗಳನ್ನೂ ಕೊಟ್ಟರು.

1948ರಲ್ಲಿ ಲಾವೊ ಅವರನ್ನು ಮದುವೆಯಾದ ರಸೆಲ್, ವರ್ಜೀನಿಯಾದ ಬೆಟ್ಟದ ಮೇಲಿನ ‘ಸ್ವಾನನೋವಾ’ ಅರಮನೆಯನ್ನು ಬಾಡಿಗೆಗೆ ಹಿಡಿದರು. ಅಲ್ಲಿಂದ ದಂಪತಿ ನಡೆಸಿದ ಅಂಚೆ ಪಾಠಗಳಿಗೆ ಮನೆಯಲ್ಲೇ ಕುಳಿತು ಕಲಿಯುವ ವಿದ್ಯಾರ್ಥಿಗಳು ಸಿಕ್ಕರು.

ರಸೆಲ್ ತೀರಿಕೊಂಡದ್ದು 1963ರ ಮೇ 19ರಂದು. ಅಂದು ಅವರಿಗೆ ಸರಿಯಾಗಿ 92 ವರ್ಷ ತುಂಬಿತ್ತು.