ಕೂವೆಯ ಬುಡ ಬಿಗಿಯುವ ಕೆಲಸ

ಹಾಯಿದೋಣಿಯಲ್ಲಿ ಗಾಳಿಯ ಒತ್ತಡವನ್ನೆಲ್ಲ ಹೊತ್ತು ನಿಲ್ಲುವ ಕೂವೆಮರವು ದೋಣಿಯ ಒಡಲನ್ನು ಕೂಡುವ ಸ್ಥಳಕ್ಕೆ ಇಂಗ್ಲಿಷಿನಲ್ಲಿ ಮಾಸ್ಟ್ ಸ್ಟೆಪ್ ಎಂಬ ಹೆಸರಿದ್ದು, ಅದನ್ನು ಕನ್ನಡದಲ್ಲಿ ಕೂವೆಯ ಬುಡಗೂಡು ಎಂದು ಕರೆಯಬಹುದು. ಮರದ ದೋಣಿಗಳಲ್ಲಿ ಇದು ಸಾಮಾನ್ಯವಾಗಿ ತಳದ ಉದ್ದಕ್ಕೂ ಹಾಯ್ದ ಅಡಿಮರದ ಮೇಲೆ ಕೊರೆದ ಕುಳಿಯಾಗಿರುತ್ತದೆ. ಕುಳಿ ಕೊಳೆತರೆ ಬಡಗಿ ಅದನ್ನು ಕಣ್ಣಾರೆ ಕಂಡು, ಕೊಳೆತ ಭಾಗವನ್ನು ಕಿತ್ತು ಹೊಸ ಮರ ಹೂಡಬಲ್ಲ. ಫೈಬರ್ ಗ್ಲಾಸಿನ ಸಣ್ಣ ದೋಣಿಯ ಸ್ಥಿತಿ ಬೇರೆ. ಅದರ ಬುಡಗೂಡು ಮುಚ್ಚಿದ ಒಡಲಿನೊಳಗೆ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ, ಆದ್ದರಿಂದ ಅದರ ದುರಸ್ತಿಯು ಕಾಣದ ಗಾಯವನ್ನು ಮೊದಲು ಹುಡುಕಿ ಆಮೇಲೆ ವಾಸಿಮಾಡುವ ಕೆಲಸವಾಗುತ್ತದೆ.

ಈ ಕೆಲಸವನ್ನು ಅರಿಯಲು ಲೇಸರ್ ದೋಣಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೆನಡಾದ ಬ್ರೂಸ್ ಕರ್ಬಿ ವಿನ್ಯಾಸಗೊಳಿಸಿದ, 1971ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಹೊರಬಂದ ಈ ಒಂಟಿ ನಾವಿಕನ ದೋಣಿ ಸುಮಾರು 4.2 ಮೀಟರ್ ಉದ್ದವಿದ್ದು, ಒಡಲು ಸುಮಾರು 59 ಕಿಲೋ ತೂಗುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ, 1996ರಿಂದ ಒಲಿಂಪಿಕ್ಸ್‌ನಲ್ಲಿರುವ ಇದಕ್ಕೆ ಈಗ ಐಎಲ್‌ಸಿಎ ಎಂಬ ಹೆಸರೂ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ನೇತ್ರಾ ಕುಮನನ್ ಮತ್ತು ವಿಷ್ಣು ಸರವಣನ್ ಸ್ಪರ್ಧಿಸಿದ್ದು ಈ ವರ್ಗದ ದೋಣಿಗಳಲ್ಲಿಯೇ.

ಲೇಸರ್‌ನ ಕೂವೆಯನ್ನು ಎಳೆದು ಕಟ್ಟುವ ಹಗ್ಗವಾಗಲಿ ತಂತಿಯಾಗಲಿ ಇಲ್ಲ. ದೋಣಿಯ ಮೇಲಟ್ಟದಲ್ಲಿರುವ ರಂಧ್ರದಿಂದ ಒಡಲಿನ ತಳದವರೆಗೆ ಇಳಿಯುವ ಒಂದು ಕೊಳವೆಯೇ ಅದರ ಬುಡಗೂಡಾಗಿದ್ದು, ಕೂವೆಯನ್ನು ಅದರೊಳಗೆ ಸುಮ್ಮನೆ ಇಳಿಬಿಡಲಾಗುತ್ತದೆ. ಹೀಗಾಗಿ ಕೂವೆ ಒಂದು ಸನ್ನೆಗೋಲಿನಂತೆ ವರ್ತಿಸುತ್ತದೆ. ಹಾಯಿಯ ಮೇಲಿನ ಒತ್ತಡದ ಕೇಂದ್ರವು ಅಟ್ಟದಿಂದ ಎರಡು ಮೀಟರ್ ಎತ್ತರದಲ್ಲಿದ್ದು, ಕೊಳವೆಯ ಆಳವು ಮೀಟರಿನ ಮೂರನೆಯ ಒಂದು ಭಾಗದಷ್ಟಿದೆ ಎಂದಿಟ್ಟುಕೊಂಡರೆ, ಗಾಳಿಯ ತಳ್ಳಿಕೆಯ ಆರು ಪಟ್ಟು ಬಲ ಕೊಳವೆಯ ಬುಡದ ಮೇಲೂ ಏಳು ಪಟ್ಟು ಬಲ ಅಟ್ಟದ ಅಂಚಿನ ಮೇಲೂ ಬೀಳುತ್ತದೆ, ಅದೂ ಎದುರುಬದುರು ದಿಕ್ಕಿನಲ್ಲಿ. ಅಲೆಯಿಂದ ಅಲೆಗೆ ದೋಣಿ ಕುಪ್ಪಳಿಸುವಾಗ ಈ ಬಲ ಹೆಚ್ಚುತ್ತ ತಗ್ಗುತ್ತ, ಕೊಳವೆಯ ಬುಡವನ್ನು ಒಡಲಿಗೆ ಹಿಡಿದಿರುವ ಬೆಸುಗೆಯನ್ನು ಒಂದೇ ಸಮನೆ ಅಲುಗಿಸುತ್ತದೆ.

ಈ ಬೆಸುಗೆ ಸಡಿಲವಾಗಲು ದೋಣಿ ತಯಾರಾಗುವ ಬಗೆಯಲ್ಲಿಯೇ ಇನ್ನೊಂದು ಕಾರಣ ಅಡಗಿದೆ. ಒಡಲನ್ನೂ ಮೇಲಟ್ಟವನ್ನೂ ಬೇರೆ ಬೇರೆ ಅಚ್ಚುಗಳಲ್ಲಿ ಎರೆದು, ಕೊಳವೆಯನ್ನು ಅಟ್ಟಕ್ಕೆ ಅಂಟಿಸಿ, ತಳದಲ್ಲಿ ರೆಸಿನ್ ಎಂಬ ಅಂಟುಪಾಕದ ಗಟ್ಟಿ ಹಿಟ್ಟನ್ನು ಮೆತ್ತಿ, ಡಬ್ಬಿಗೆ ಮುಚ್ಚಳ ಹಾಕುವ ಹಾಗೆ ಅಟ್ಟವನ್ನು ಕೂರಿಸಲಾಗುತ್ತದೆ. ಆ ಕ್ಷಣದಿಂದ ಕೊಳವೆಯ ಬುಡ ಯಾರ ಕಣ್ಣಿಗೂ ಕೈಗೂ ಸಿಗುವುದಿಲ್ಲ. ಹಿಟ್ಟು ಎಲ್ಲೆಡೆ ಹರಡಿತೇ, ಒಂದು ಬದಿಯಲ್ಲಿ ಟೊಳ್ಳು ಉಳಿಯಿತೇ ಎಂದು ನೋಡುವ ದಾರಿ ತಯಾರಕನಿಗೂ ಇರುವುದಿಲ್ಲ. ಇದರ ಜೊತೆಗೆ ಕೂವೆಯ ಬುಡಕ್ಕೆ ಮೆತ್ತಿಕೊಂಡು ಬಂದ ದಂಡೆಯ ಮರಳು, ಹಾಯಿಯ ದಿಕ್ಕು ಬದಲಾದಂತೆಲ್ಲ ಕೂವೆ ತಿರುಗುವಾಗ, ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದಂತೆ ಕೊಳವೆಯ ತಳವನ್ನು ತೇಯುತ್ತದೆ.

ಹಾನಿಯನ್ನು ಪತ್ತೆಹಚ್ಚುವ ಪರೀಕ್ಷೆ ಮಾತ್ರ ಸರಳವಾಗಿದೆ. ಕೂವೆಯನ್ನು ತೆಗೆದು, ಕೊಳವೆಯ ಕಂಠದವರೆಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ ಕಾಯಬೇಕು. ಮಟ್ಟ ಇಳಿದರೆ ನೀರು ಒಡಲೊಳಗೆ ಸೇರುತ್ತಿದೆ ಎಂದರ್ಥ. ಬಳಿಕ ಕೂವೆಯ ಕೆಳತುಂಡನ್ನಷ್ಟೇ ಇಳಿಸಿ ಹಿಂದೆ ಮುಂದೆ, ಅಕ್ಕ ಪಕ್ಕ ಜಗ್ಗಿದಾಗ ಕಿರುಗುಟ್ಟುವ ಸದ್ದು ಕೇಳಿದರೆ, ಅಥವಾ ಅಟ್ಟದ ರಂಧ್ರದ ಸುತ್ತ ಕೂದಲೆಳೆಯ ಬಿರುಕುಗಳು ಕಂಡರೆ, ಬೆಸುಗೆ ಸಡಿಲವಾಗಿದೆಯೆಂದು ತಿಳಿಯಬೇಕು. ಇದನ್ನು ಕಡೆಗಣಿಸಿದ ದೋಣಿಯಲ್ಲಿ ಕೂವೆಯು ಜೋರು ಗಾಳಿಗೆ ಅಟ್ಟವನ್ನೇ ಸೀಳಿಕೊಂಡು ಉರುಳುವುದುಂಟು; ಆ ಹಂತದ ದುರಸ್ತಿ ದೊಡ್ಡದು.

ಸಡಿಲವಾದ ಬುಡವನ್ನು ತಲುಪಲು ಕೊಳವೆಯ ಸಮೀಪ ಅಟ್ಟದಲ್ಲಿ ಕೈ ತೂರುವಷ್ಟು ದುಂಡು ರಂಧ್ರ ಕೊರೆದು, ಕೆಲಸ ಮುಗಿದ ಮೇಲೆ ಅದಕ್ಕೆ ತಿರುಪಿನ ಮುಚ್ಚಳ ಕೂರಿಸುವುದು ರೂಢಿಯಾಗಿದ್ದು, ಈ ವರ್ಗದ ಸ್ಪರ್ಧಾ ನಿಯಮಗಳೂ ಅದಕ್ಕೆ ಅವಕಾಶ ನೀಡುತ್ತವೆ. ಹೊಸದರಂತಿರುವ ಅಟ್ಟಕ್ಕೆ ಗರಗಸ ಇಡಲು ಯಾರಿಗಾದರೂ ಕೈ ಹಿಂಜರಿಯುತ್ತದೆ. ಆದರೆ ತಯಾರಕನು ಕುರುಡಾಗಿ ಹಾಕಬೇಕಾಗಿದ್ದ ಬೆಸುಗೆಯನ್ನು ಕಣ್ಣು ತೆರೆದು ಹಾಕುವ ಅವಕಾಶ ಈ ರಂಧ್ರದಿಂದಲೇ ಒದಗುತ್ತದೆ, ಆದಕಾರಣ ಶ್ರದ್ಧೆಯಿಂದ ಮಾಡಿದ ದುರಸ್ತಿಯು ಮೂಲದ ಬೆಸುಗೆಗಿಂತ ಗಟ್ಟಿಯಾಗುವುದು ಸಾಧ್ಯವಿದೆ.

ಮುಂದಿನ ಹಂತವಾದ ಒಣಗಿಸುವಿಕೆಯೇ ಇಡೀ ಕೆಲಸದ ಪ್ರಾಣ. ಸಮುದ್ರದಲ್ಲಿ ಓಡಿದ ದೋಣಿಯಾದರೆ ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು, ಏಕೆಂದರೆ ಒಳಗುಳಿದ ಉಪ್ಪು ಗಾಳಿಯ ತೇವವನ್ನು ಹೀರಿ ಜಾಗವನ್ನು ಮತ್ತೆ ಮತ್ತೆ ಹಸಿಯಾಗಿಸುತ್ತದೆ. ಆನಂತರ ಒಡಲಿನ ಹಿಂಬದಿಯ ಬಿರಡೆ ತೆಗೆದು, ರಂಧ್ರದಿಂದ ಸಣ್ಣ ಫ್ಯಾನಿನ ಗಾಳಿ ಹಾಯಿಸಿ, ದಿನಗಟ್ಟಲೆ ಬಿಡಬೇಕು. ಮೇಲ್ಮೈ ಮುಟ್ಟಿದರೆ ಒಣಗಿದಂತಿದ್ದು ಬಿರುಕಿನೊಳಗೆ ತೇವ ಉಳಿದಿದ್ದರೆ ರೆಸಿನ್ ಅಂಟಿದಂತೆ ಕಂಡರೂ ಅಂಟಿರುವುದಿಲ್ಲ. ಹಾಳಾದ ದುರಸ್ತಿಗಳಲ್ಲಿ ಅನೇಕವು ಈ ಅವಸರಕ್ಕೆ ಬಲಿಯಾದವು.

ಒಣಗಿದ ಬಳಿಕ ಸಡಿಲ ಹಿಟ್ಟನ್ನು ಕೆರೆದು, ಒರಟು ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಅಸಿಟೋನಿನಿಂದ ಒರೆಸಲಾಗುತ್ತದೆ. ಇಲ್ಲಿ ರೆಸಿನ್ನಿನ ಆಯ್ಕೆ ಮುಖ್ಯ. ದೋಣಿಯ ಒಡಲು ಪಾಲಿಯೆಸ್ಟರ್ ರೆಸಿನ್ನಿನದಾದರೂ, ಒಮ್ಮೆ ಪೂರ್ತಿ ಗಟ್ಟಿಯಾದ ಪಾಲಿಯೆಸ್ಟರಿಗೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿ ಬಲವಾಗಿ ಅಂಟುತ್ತದೆ. ಮಲ್ಪೆ, ಮಂಗಳೂರಿನ ಕಡೆ ಫೈಬರ್ ದೋಣಿ ಕಟ್ಟುವವರಿಗೆ ಪರಿಚಿತವಾದ, ಗಾಜಿನ ತುಂಡು ಎಳೆಗಳ ಹಾಸಾದ ಮ್ಯಾಟ್ ಎಪಾಕ್ಸಿಗೆ ಒಗ್ಗುವುದಿಲ್ಲ; ಅದರ ಎಳೆಗಳನ್ನು ಹಿಡಿದಿರುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದೇ ಹೊರತು ಎಪಾಕ್ಸಿಗಲ್ಲ. ಆದ್ದರಿಂದ ನೇಯ್ದ ಗಾಜಿನ ಬಟ್ಟೆಯ ಪಟ್ಟಿಗಳು ಬೇಕು. ಎಪಾಕ್ಸಿಗೆ ಹಾರ್ಡ್‌ನರನ್ನು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ತಿಳಿವಳಿಕೆ ತಪ್ಪು, ಏಕೆಂದರೆ ಅಳತೆ ಮೀರಿದ ಭಾಗ ಪಾಕದಲ್ಲಿ ಹಾಗೆಯೇ ಉಳಿದು ಅದನ್ನು ಮೆತ್ತಗಾಗಿಸುತ್ತದೆ.

ಕೊಳವೆ ಮತ್ತು ತಳ ಕೂಡುವ ಮೂಲೆಗೆ ಮೊದಲು ಸಿಲಿಕಾ ಪುಡಿ ಬೆರೆಸಿ ದಪ್ಪಗೊಳಿಸಿದ ಎಪಾಕ್ಸಿಯನ್ನು ಮೆತ್ತಿ, ಹೆಬ್ಬೆರಳಿನಲ್ಲಿ ತೀಡಿದಂಥ ಒಳಬಾಗು ಕೊಡಬೇಕು. ಮೂಲೆ ಚೂಪಾಗಿದ್ದರೆ ಬಟ್ಟೆ ಅಲ್ಲಿ ಮಡಿಸಿಕೊಂಡು ಕೆಳಗೆ ಗಾಳಿ ಉಳಿಯುತ್ತದೆ. ಆ ಹಿಟ್ಟು ಇನ್ನೂ ಹಸಿಯಿರುವಾಗಲೇ ಎಪಾಕ್ಸಿಯಲ್ಲಿ ನೆನೆಸಿದ ಪಟ್ಟಿಗಳನ್ನು, ಒಂದಕ್ಕಿಂತ ಒಂದು ತುಸು ಅಗಲವಾಗಿ, ಸುತ್ತಲೂ ಹಾಸಲಾಗುತ್ತದೆ. ಇದೆಲ್ಲ ನಡೆಯುವಾಗ ಪ್ಲಾಸ್ಟಿಕ್ ಹಾಳೆ ಸುತ್ತಿದ ಕೂವೆ ತನ್ನ ಸ್ಥಾನದಲ್ಲಿರಬೇಕು ಮತ್ತು ಅದರ ತುದಿಯಿಂದ ದೋಣಿಯ ಹಿಂಬದಿಗೆ ಮೊದಲೇ ತೆಗೆದುಕೊಂಡ ಅಳತೆ ಬದಲಾಗದಂತೆ ನೋಡಿಕೊಳ್ಳಬೇಕು. ಎಲ್ಲ ದೋಣಿಗಳೂ ಒಂದೇ ತೆರನಾಗಿರಬೇಕೆಂಬ ತತ್ತ್ವದ ಮೇಲೆ ನಿಂತ ಈ ವರ್ಗದಲ್ಲಿ ಕೂವೆಯ ಓರೆಯನ್ನು ಬದಲಿಸಿದ ದುರಸ್ತಿ ಸ್ಪರ್ಧೆಗೆ ಸಲ್ಲುವುದಿಲ್ಲ.

ಎಪಾಕ್ಸಿ ಮರುದಿನವೇ ಕಲ್ಲಿನಂತೆ ಕಂಡರೂ ಪೂರ್ಣ ಬಲ ಬರಲು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು ಒಂದು ವಾರ ಬೇಕು. ಕರಾವಳಿಯ ಮಳೆಗಾಲದಂಥ ತೇವದ ಹವೆಯಲ್ಲಿ ಅದರ ಮೇಲೆ ಮೇಣದಂಥ ಜಿಡ್ಡು ಮೂಡಬಹುದು. ಇನ್ನೊಂದು ಪದರ ಹಾಸುವ ಮೊದಲು ಅದನ್ನು ನೀರಿನಿಂದ ತೊಳೆದು ಮತ್ತೆ ಉಜ್ಜಬೇಕು. ಕೊನೆಗೆ ಕೊಳವೆಯೊಳಗೆ ಸವೆತ ತಡೆಯುವ ಬಿಲ್ಲೆ ಕೂರಿಸಿ ನೀರಿನ ಪರೀಕ್ಷೆಯನ್ನು ಮರಳಿ ಮಾಡಲಾಗುತ್ತದೆ. ಮುಂದೆ ಆ ಬಿಲ್ಲೆ ಬಾಳಬೇಕಾದರೆ, ಪ್ರತಿ ಬಾರಿ ಕೂವೆ ಇಳಿಸುವ ಮುನ್ನ ಅದರ ಬುಡವನ್ನು ಒರೆಸಿ, ಕೊಳವೆಗೆ ಒಂದು ಚೊಂಬು ಸಿಹಿನೀರು ಸುರಿದು, ತಳದಲ್ಲಿ ಕೂತ ಮರಳನ್ನು ಬಟ್ಟೆಯಿಂದ ಎತ್ತಿ ತೆಗೆಯಬೇಕಾಗುತ್ತದೆ.