ಮೂರು ತಿಂಗಳ ಶುಗರ್ ಒಂದೇ ದಿನ ತಿಳಿಯುವುದು ಹೇಗೆ?

ಪ್ರಶ್ನೆ: ವರ್ಷದ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ಶುಗರ್ ಸರಿಯಾಗಿಯೇ ಬಂತು. ಆದರೂ ಡಾಕ್ಟರು ‘ಮೂರು ತಿಂಗಳ ಶುಗರ್’ ನೋಡೋಣ ಎಂದರು. ಇವತ್ತು ತೆಗೆದ ರಕ್ತದಲ್ಲಿ ಹಿಂದಿನದು ಹೇಗೆ ಗೊತ್ತಾಗುತ್ತದೆ? – ಓದುಗರೊಬ್ಬರು, ಭದ್ರಾವತಿ

ಖಾಲಿ ಹೊಟ್ಟೆಯ ಪರೀಕ್ಷೆ ಹೇಳುವುದು ಆ ಬೆಳಗಿನ ಲೆಕ್ಕ ಮಾತ್ರ. ತಪಾಸಣೆ ಬಂತೆಂದು ನಾಲ್ಕು ದಿನ ಸಿಹಿ ಬಿಟ್ಟವರಿಗೆ ಅದು ಇಳಿದೂ ಇರಬಹುದು. ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿ ಪರೀಕ್ಷೆ ಹಾಗೆ ಮೋಸ ಹೋಗುವುದಿಲ್ಲ.

ಕೆಂಪು ರಕ್ತಕಣದ ತುಂಬ ಹಿಮೋಗ್ಲೋಬಿನ್ ಇರುತ್ತದೆ. ರಕ್ತದಲ್ಲಿರುವ ಗ್ಲೂಕೋಸ್ ಒಳಗೆ ಸೇರಿ ಅದಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ್ದು ಆ ಕಣ ಸಾಯುವವರೆಗೆ, ಅಂದರೆ ಸುಮಾರು 120 ದಿನ, ಬಿಡುವುದಿಲ್ಲ. ನಮ್ಮ ಕಡೆ ಹಸಿ ಅಡಿಕೆ ಸುಲಿದವರ ಬೆರಳು ನೋಡಿ: ಸೋಪು ಹಾಕಿ ಎಷ್ಟು ತಿಕ್ಕಿದರೂ ಕರೆ ಹೋಗದು, ಹೊಸ ಚರ್ಮ ಬಂದಾಗಲೇ ಹೋಗುವುದು. ಸುಲಿದಷ್ಟೂ ಕರೆ ಗಾಢ. ಸಕ್ಕರೆಯ ಕರೆಯೂ ಹಾಗೆಯೇ.

ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಭಾಗಕ್ಕೆ ಸಕ್ಕರೆ ಅಂಟಿದೆ ಎಂಬುದೇ ರಿಪೋರ್ಟಿನ ಅಂಕಿ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.4ರವರೆಗೆ ಎಚ್ಚರಿಕೆಯ ಹಂತ, 6.5 ಮುಟ್ಟಿದರೆ ಮಧುಮೇಹದ ಸೂಚನೆ. ರಕ್ತಹೀನತೆ ಇದ್ದವರಲ್ಲಿ ಅಂಕಿ ಏರುಪೇರಾಗುತ್ತದೆ. ಅದನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಒಂದು ಮಾತು ಒತ್ತಿ ಹೇಳಬೇಕು. ಹೋದ ವರ್ಷ 5.2 ಇದ್ದದ್ದು ಈ ವರ್ಷ 5.6 ಆಗಿದ್ದರೆ ಎರಡೂ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ. ಏರುತ್ತಿರುವುದು ಕಾಣುವುದು ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ. ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಊರಿನ ಲ್ಯಾಬಿಗೆ ಹೋಗಿ, ಹಳೆಯ ರಿಪೋರ್ಟುಗಳ ಫೈಲು ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.