ಗ್ರಂಥಾಲಯಗಳು ಕೈಜೋಡಿಸಿದಾಗ

ಯಾವ ಕಾಲೇಜಿನ ಗ್ರಂಥಾಲಯವೂ ಎಲ್ಲ ಪುಸ್ತಕ, ಪತ್ರಿಕೆಗಳನ್ನು ತಾನೊಂದೇ ಕೊಳ್ಳಲಾರದು. ವಿದೇಶಿ ಸಂಶೋಧನಾ ಪತ್ರಿಕೆಯೊಂದರ ವಾರ್ಷಿಕ ಚಂದಾ ಕೆಲವೊಮ್ಮೆ ಲಕ್ಷ ರೂಪಾಯಿ ದಾಟುತ್ತದೆ. ಈ ಕಷ್ಟಕ್ಕೆ ಗ್ರಂಥಪಾಲಕರು ಕಂಡುಕೊಂಡ ದಾರಿಯೇ ಕನ್ಸೋರ್ಟಿಯಂ, ಅಂದರೆ ಗ್ರಂಥಾಲಯಗಳ ಒಕ್ಕೂಟ.

ನಮ್ಮ ಕರಾವಳಿಯಿಂದ ದೂರವಿರುವ ಬೆಳಗಾವಿ ಜಿಲ್ಲೆಯ ಸಂಕೇಶ್ವರವನ್ನೇ ಉದಾಹರಣೆಯಾಗಿ ನೋಡೋಣ. ಹುಕ್ಕೇರಿ ತಾಲೂಕಿನ ಈ ಊರಿನ ಸಮೀಪದ ನಿಡಸೋಸಿಯಲ್ಲಿ 1996ರಲ್ಲಿ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜು. ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಿಗಾಗಿಯೇ ಇಂಥ ಒಕ್ಕೂಟವೊಂದನ್ನು ರೂಪಿಸಿತು. ಹತ್ತಾರು ಕಾಲೇಜುಗಳ ಪರವಾಗಿ ಪ್ರಕಾಶಕರೊಡನೆ ಮಾತನಾಡುವವರು ಒಬ್ಬರೇ ಆದಾಗ ದರ ಇಳಿಯುತ್ತದೆ, ಖರ್ಚು ಹಂಚಿಹೋಗುತ್ತದೆ. ಬೆಂಗಳೂರಿನ ವಿದ್ಯಾರ್ಥಿ ಓದುವ ಲೇಖನವನ್ನು ಹಳ್ಳಿಯ ಕಾಲೇಜಿನ ವಿದ್ಯಾರ್ಥಿಯೂ ಅಂದೇ ಓದಬಹುದು.

ದೇಶದ ಮಟ್ಟದಲ್ಲಿ ಈ ಕೆಲಸವನ್ನು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ನೋಡಿಕೊಳ್ಳುತ್ತದೆ. 1991ರಲ್ಲಿ ಆರಂಭವಾದ ಈ ಸಂಸ್ಥೆ 2003ರಲ್ಲಿ ವಿಶ್ವವಿದ್ಯಾಲಯಗಳಿಗಾಗಿ ಯುಜಿಸಿ-ಇನ್‌ಫೋನೆಟ್ ಒಕ್ಕೂಟವನ್ನೂ, 2010ರಲ್ಲಿ ಕಾಲೇಜುಗಳಿಗಾಗಿ ಎನ್-ಲಿಸ್ಟ್ ಯೋಜನೆಯನ್ನೂ ಜಾರಿಗೆ ತಂದಿತು. ಕಾಲೇಜು ಸದಸ್ಯನಾದರೆ ಅಲ್ಲಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ದೊರೆಯುತ್ತದೆ. ಮನೆಯಿಂದಲೇ ಓದಲು ಅಷ್ಟು ಸಾಕು.

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸಂಸ್ಥೆಗಳು. 2025ರ ಜನವರಿ 1ರಿಂದ ಇದು ಆರಂಭವಾಯಿತು. ಆದರೆ ಆಗ ಒಪ್ಪಿಗೆ ದೊರೆತದ್ದು ಸರ್ಕಾರಿ ಆಡಳಿತದ ಸಂಸ್ಥೆಗಳಿಗೆ. ಸಣ್ಣ ಊರುಗಳಲ್ಲಿ ಉನ್ನತ ಶಿಕ್ಷಣದ ಹೊಣೆ ಹೊತ್ತಿರುವುದು ಬಹುಪಾಲು ಖಾಸಗಿ ಆಡಳಿತ ಮಂಡಳಿಗಳು. ಆದ್ದರಿಂದ ಅಂಥ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಒಕ್ಕೂಟ, ಎನ್-ಲಿಸ್ಟ್‌ಗಳಂಥ ವ್ಯವಸ್ಥೆಗಳು ಮುಖ್ಯವಾಗುತ್ತವೆ.

ಒಂದು ಎಚ್ಚರಿಕೆಯೂ ಬೇಕು. ಒಕ್ಕೂಟದಿಂದ ದೊರೆಯುವುದು ಹೆಚ್ಚಾಗಿ ಓದುವ ಹಕ್ಕು, ಸ್ವಂತ ಪ್ರತಿಯಲ್ಲ. ಚಂದಾ ನಿಂತರೆ ಬಾಗಿಲು ಮುಚ್ಚಬಹುದು. ನಮ್ಮ ಊರಿನ ಚರಿತ್ರೆ, ಹಳೆಯ ಕನ್ನಡ, ಕೊಂಕಣಿ, ತುಳು ಪುಸ್ತಕಗಳು ವಿದೇಶಿ ಪ್ರಕಾಶಕರ ಪಟ್ಟಿಯಲ್ಲಿ ಸಿಗುವುದೂ ಇಲ್ಲ. ಅವನ್ನು ನಮ್ಮ ಕಪಾಟಿನಲ್ಲೇ ಕಾಪಾಡಿಕೊಳ್ಳಬೇಕು.

ಸೌಲಭ್ಯವಿದ್ದೂ ಕೇಳುವವರಿಲ್ಲದಿದ್ದರೆ ಅದು ವ್ಯರ್ಥ. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಈ ವಾರವೇ ಅವರಿಗೆ ಹೇಳೋಣ: ಗ್ರಂಥಪಾಲಕರ ಬಳಿ ಹೋಗಿ, "ನಮ್ಮ ಕಾಲೇಜು ಯಾವ ಒಕ್ಕೂಟದಲ್ಲಿದೆ? ನನ್ನ ಪಾಸ್‌ವರ್ಡ್ ಕೊಡುವಿರಾ?" ಎಂದು ಕೇಳಲಿ. ಸದಸ್ಯತ್ವವೇ ಇಲ್ಲವೆಂದಾದರೆ, ಆ ಪ್ರಶ್ನೆಯನ್ನು ಆಡಳಿತ ಮಂಡಳಿಯ ಮುಂದಿಡುವುದು ಹೆತ್ತವರಾದ ನಮ್ಮ ಕೆಲಸ.